ಕಚೇರಿಯ ತಂಪು, ಆಕಾಶದ ಕಾವು

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ಅಥಣಿ, ರಾಯಬಾಗಗಳ ಕಡೆಯ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸಿಗೆ ಏರುವುದು ಆ ಸೀಮೆಯವರಿಗೆ ಹೊಸತೇನಲ್ಲ. ಅಂಥ ಒಂದು ಮಧ್ಯಾಹ್ನ ಯಾವುದಾದರೊಂದು ಕಚೇರಿಯ ಹಿಂಬದಿಯ ಓಣಿಯಲ್ಲಿ ನಡೆದುಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕಿಟಕಿಯಿಂದ ಹೊರಚಾಚಿದ ಹಳೆಯ ತಗಡಿನ ಪೆಟ್ಟಿಗೆಯೊಂದು ಗುರುಗುಟ್ಟುತ್ತಿರುತ್ತದೆ. ಅದರ ಅಡಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅದರ ಬೆನ್ನಿನಿಂದ ಹೊರಡುವ ಗಾಳಿ ಬಿಸಿಲಿನ ಗಾಳಿಗಿಂತಲೂ ಬಿಸಿಯಾಗಿ ಮುಖಕ್ಕೆ ಬಡಿಯುತ್ತದೆ. ಒಳಗೆ ಕುಳಿತವರಿಗೆ ತಂಪು, ಹೊರಗೆ ನಡೆಯುವವರಿಗೆ ಬಿಸಿ. ಒಂದೇ ಪೆಟ್ಟಿಗೆಯು ಎರಡು ವಿರುದ್ಧ ಕೆಲಸಗಳನ್ನು ಮಾಡುವುದು ಹೇಗೆ?

ಜನರು ಏ.ಸಿ. ಎಂದು ಕರೆಯುವ ಈ ಹವಾನಿಯಂತ್ರಣ ಯಂತ್ರಗಳು ಮುಪ್ಪಾಗಿವೆ, ಇವನ್ನು ತೆಗೆದು ಹೊಸವನ್ನು ಇಟ್ಟರೆ ವಿದ್ಯುತ್ತು ಉಳಿಯುವುದು, ವಾತಾವರಣವನ್ನು ಕಾಯಿಸುವ ಅನಿಲಗಳೂ ಕಡಮೆಯಾಗುವುವು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಮಾತು ನಿಜ. ಆದರೆ ಅದು ಅರ್ಧ ನಿಜ. ಹಳೆಯ ಯಂತ್ರವನ್ನು ತೆಗೆಯುವ ರೀತಿ ತಪ್ಪಿದರೆ, ಹೊಸ ಯಂತ್ರವು ವರ್ಷಗಟ್ಟಲೆ ದುಡಿದು ಉಳಿಸುವುದನ್ನೆಲ್ಲ ಒಂದೇ ನಿಮಿಷದಲ್ಲಿ ಕಳೆದುಕೊಳ್ಳುವ ಸಂಭವವುಂಟು. ಇದು ಹೇಗೆಂಬುದನ್ನು ಭೌತಶಾಸ್ತ್ರದ ಬಲದಿಂದ, ಕಾಗದ ಪೆನ್ಸಿಲ್ ಹಿಡಿದು ಪರಿಶೀಲಿಸೋಣ. ಇಲ್ಲಿ ಬರುವ ಲೆಕ್ಕಗಳಿಗೆ ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಉಷ್ಣವನ್ನು ಏರಿಸುವ ಪಂಪು

ನೀರು ತಾನಾಗಿ ಎತ್ತರದಿಂದ ತಗ್ಗಿಗೆ ಹರಿಯುವುದೇ ಹೊರತು ತಗ್ಗಿನಿಂದ ಎತ್ತರಕ್ಕೆ ಹರಿಯದು. ಆದರೂ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕೃಷ್ಣಾತೀರದ ರೈತರು ಹೊಳೆಯ ನೀರನ್ನು ದಿಬ್ಬದ ಮೇಲಿನ ಕಬ್ಬಿನ ಹೊಲಕ್ಕೆ ಏರಿಸುತ್ತಾರೆ. ಅದಕ್ಕಾಗಿ ಅವರು ಪಂಪನ್ನು ಹೂಡಿ, ವಿದ್ಯುತ್ತನ್ನು ವ್ಯಯಿಸಬೇಕು. ಹೊಲ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚು ವಿದ್ಯುತ್ತು ಬೇಕು.

ಉಷ್ಣದ ಸ್ವಭಾವವೂ ಹೀಗೆಯೇ. ಅದು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ತಾನಾಗಿ ಹರಿಯುತ್ತದೆ. ತಣ್ಣನೆಯ ಕೋಣೆಯಿಂದ ಅದನ್ನು ಎತ್ತಿ ಬಿಸಿಯಾದ ಬೀದಿಗೆ ಸುರಿಯಬೇಕಾದರೆ ಪಂಪೇ ಬೇಕು. ನಮ್ಮ ಕಿಟಕಿಯ ಪೆಟ್ಟಿಗೆ ಅಂಥ ಒಂದು ಪಂಪು. ಅದು ತಂಪನ್ನು ಉತ್ಪಾದಿಸುವುದಿಲ್ಲ; ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಓಣಿಯಲ್ಲಿ ನಮ್ಮ ಮುಖಕ್ಕೆ ಬಡಿದ ಬಿಸಿಗಾಳಿಯಲ್ಲಿ ಕೋಣೆಯ ಉಷ್ಣವೂ ಇದೆ, ಪಂಪು ನುಂಗಿದ ವಿದ್ಯುತ್ತೂ ಉಷ್ಣವಾಗಿ ಸೇರಿದೆ.

ಈ ಪಂಪಿನ ಮೂಲತತ್ತ್ವ ನಮ್ಮ ಅಡುಗೆಮನೆಯ ಹರವಿಯಲ್ಲಿಯೇ ಇದೆ. ಮಣ್ಣಿನ ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ತನಗೆ ಬೇಕಾದ ಗುಪ್ತೋಷ್ಣವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ಆದುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಹರವಿಯ ಆವಿ ಗಾಳಿಗೆ ಹೋಗಿ ಮತ್ತೆ ಬರದು. ಯಂತ್ರದಲ್ಲಾದರೋ ಆವಿಯನ್ನು ಕೊಳವೆಗಳಲ್ಲಿ ಸೆರೆಹಿಡಿದು, ಸಂಪೀಡಕದಿಂದ, ಅಂದರೆ ಕಂಪ್ರೆಸರ್‌ನಿಂದ ಒತ್ತಿ, ಹೊರಗಿನ ಸುರುಳಿಯಲ್ಲಿ ಮತ್ತೆ ದ್ರವವಾಗಿಸುತ್ತಾರೆ. ದ್ರವವಾಗುವಾಗ ಅದು ತಾನು ಸೆಳೆದ ಉಷ್ಣವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ಬಳಿಕ ಕಿರಿದಾದ ಕೊಳವೆಯೊಂದರ ಮೂಲಕ ಅದರ ಒತ್ತಡವನ್ನು ತಗ್ಗಿಸಿ ಒಳಗಿನ ಸುರುಳಿಗೆ ಹರಿಸಿದರೆ ಮತ್ತೆ ಆವಿಯಾಗಿ ಮತ್ತೆ ಉಷ್ಣವನ್ನು ಹೀರುತ್ತದೆ. ಹೀಗೆ ಸುತ್ತುತ್ತಲೇ ಇರುವ ಈ ಪದಾರ್ಥಕ್ಕೆ ಶೀತಕವೆಂದು ಹೆಸರು. ಮೆಕ್ಯಾನಿಕ್‌ಗಳು ಅದನ್ನು ಗ್ಯಾಸ್ ಎಂದೇ ಕರೆಯುತ್ತಾರೆ. ಇದರ ಹೆಸರನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ನಮ್ಮ ಕಥೆಯ ಮುಖ್ಯ ಪಾತ್ರ ಇದೇ.

ಟನ್ನು ಎಂದರೇನು?

ಒಂದೂವರೆ ಟನ್ನಿನ ಏ.ಸಿ. ಎಂದರೆ ಅದರ ತೂಕವಲ್ಲ. ಯಂತ್ರಗಳು ಬರುವ ಮೊದಲು ಜನರು ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದರು. ಒಂದು ಟನ್ನು, ಎಂದರೆ ಹಳೆಯ ಅಮೆರಿಕನ್ ಅಳತೆಯಲ್ಲಿ ಸುಮಾರು 907 ಕಿಲೋಗ್ರಾಂ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಉಷ್ಣದ ದರವೇ ಒಂದು ಟನ್ನಿನ ಶೈತ್ಯಶಕ್ತಿ. ಮಂಜುಗಡ್ಡೆಯ ಗುಪ್ತೋಷ್ಣ ಕಿಲೋಗ್ರಾಮಿಗೆ 334 ಕಿಲೋಜೂಲ್ ಎಂದು ಹಿಡಿದು ಭಾಗಿಸಿ ನೋಡಿದರೆ ಇದು ಸುಮಾರು 3.5 ಕಿಲೋವ್ಯಾಟ್ ಆಗುತ್ತದೆ. ಒಂದೂವರೆ ಟನ್ನಿಗೆ ಸುಮಾರು 5.3 ಕಿಲೋವ್ಯಾಟ್.

ಇಷ್ಟು ಉಷ್ಣವನ್ನು ಹೊರಹಾಕಲು ಯಂತ್ರವು ಎಷ್ಟು ವಿದ್ಯುತ್ತನ್ನು ತೆಗೆದುಕೊಳ್ಳುತ್ತದೆ ಎಂಬುದರಲ್ಲಿಯೇ ಹಳತಿಗೂ ಹೊಸತಿಗೂ ಇರುವ ಭೇದ. ಸುರುಳಿಗಳಿಗೆ ಧೂಳು ಕಟ್ಟಿ, ಸಂಪೀಡಕ ಸವೆದ ಹಳೆಯ ಕಿಟಕಿ ಯಂತ್ರವು ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ ಯೂನಿಟ್ಟಿನಷ್ಟು ಉಷ್ಣವನ್ನು ಹೊತ್ತರೆ ಹೆಚ್ಚು. ಬೇಡಿಕೆಗೆ ತಕ್ಕಂತೆ ತನ್ನ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಇಂದಿನ ಒಳ್ಳೆಯ ಯಂತ್ರವು ಋತುವಿನ ಸರಾಸರಿಯಲ್ಲಿ ಐದು ಯೂನಿಟ್ಟನ್ನು ಹೊರಬಲ್ಲುದು. ಯಂತ್ರಗಳ ಮೇಲೆ ಅಂಟಿಸಿರುವ ನಕ್ಷತ್ರಗಳ ಚೀಟಿ ಹೇಳುವುದು ಇದೇ ವಿಷಯವನ್ನು.

ವಿದ್ಯುತ್ತಿನ ಹೊಗೆ ಎಲ್ಲಿದೆ?

ಕಚೇರಿಯ ಯಂತ್ರದಿಂದ ಹೊಗೆ ಬರುವುದಿಲ್ಲ. ಹಾಗಿದ್ದರೆ ಅದರಿಂದ ವಾತಾವರಣಕ್ಕೇನು ಕೇಡು ಎಂದು ಕೇಳಬಹುದು. ಹೊಗೆ ಬೇರೆಡೆ ಇದೆ. ನಮ್ಮ ತಾಲ್ಲೂಕುಗಳನ್ನು ಹಾದುಹೋದ ಕೃಷ್ಣೆ ಮುಂದೆ ಆಲಮಟ್ಟಿಯಲ್ಲಿ ನಿಲ್ಲುತ್ತಾಳೆ. ಅಲ್ಲಿನ ನೀರನ್ನು ಬಳಸಿ ವಿಜಯಪುರ ಜಿಲ್ಲೆಯ ಕೂಡಗಿಯ ಶಾಖೋತ್ಪನ್ನ ಕೇಂದ್ರ ನಡೆಯುತ್ತದೆ. ಇನ್ನೂ ಕೆಳಗೆ ರಾಯಚೂರಿನ ಶಕ್ತಿನಗರದ ಕೇಂದ್ರವೂ ಅದೇ ಹೊಳೆಯ ದಂಡೆಯಲ್ಲಿದೆ. ಎರಡರಲ್ಲಿಯೂ ಉರಿಯುವುದು ಕಲ್ಲಿದ್ದಲು. ಜಲವಿದ್ಯುತ್ತು, ಗಾಳಿ, ಬಿಸಿಲುಗಳಿಂದಲೂ ವಿದ್ಯುತ್ತು ಬರುತ್ತದೆ, ನಿಜ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ, ಭಾರತದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಈ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸಿ ಜಾಲಕ್ಕೆ ಕೊಡುವುದುಂಟು. ಆದರೆ ಕಬ್ಬು ನುರಿಸುವುದು ಮುಖ್ಯವಾಗಿ ಚಳಿಗಾಲದ ಕೆಲಸ. ಕಚೇರಿಗಳ ಏ.ಸಿ.ಗಳು ಭರದಿಂದ ತಿರುಗುವ ಏಪ್ರಿಲ್, ಮೇ ತಿಂಗಳುಗಳ ವೇಳೆಗೆ ಆ ಹಂಗಾಮು ಮುಗಿದಿರುತ್ತದೆ. ಜಲಾಶಯಗಳೂ ಬತ್ತುತ್ತ ಬಂದಿರುತ್ತವೆ. ಉಳಿದುದು ಒಂದೇ ನೆಂಟಸ್ತಿಕೆ: ಕಚೇರಿಯ ಹೊತ್ತೂ ಬಿಸಿಲಿನ ಹೊತ್ತೂ ಒಂದೇ. ಮಾಳಿಗೆಯ ಮೇಲೆ ಸೌರಫಲಕಗಳಿದ್ದರೆ, ಯಾವ ಸೂರ್ಯನು ಕೋಣೆಯನ್ನು ಕಾಯಿಸುತ್ತಾನೋ ಅವನಿಂದಲೇ ಅದನ್ನು ತಂಪು ಮಾಡಿಸಿಕೊಳ್ಳಬಹುದು.

ಕೊಳವೆಯೊಳಗಿನ ಎರಡನೆಯ ಅಪಾಯ

ವಿದ್ಯುತ್ತಿನ ಹೊಗೆ ಒಂದು ಅಪಾಯವಾದರೆ, ಶೀತಕವೇ ಇನ್ನೊಂದು. ಮೊದಮೊದಲು ಶೈತ್ಯಯಂತ್ರಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಮುಂತಾದ ವಿಷಾನಿಲಗಳನ್ನು ಬಳಸುತ್ತಿದ್ದರು. ಅವು ಸೋರಿದರೆ ಪ್ರಾಣಕ್ಕೇ ಅಪಾಯ. 1930ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ಮಿಡ್ಗ್ಲಿ ಮತ್ತು ಅವರ ಸಂಗಡಿಗರು ಕ್ಲೋರೊಫ್ಲುಯೊರೊಕಾರ್ಬನ್ನುಗಳನ್ನು ಬಳಕೆಗೆ ತಂದರು. ಇವಕ್ಕೆ ವಾಸನೆಯಿಲ್ಲ, ಉರಿಯುವುದಿಲ್ಲ, ವಿಷವೂ ಅಲ್ಲ. ಲೋಕವೇ ಇವನ್ನು ಕೊಂಡಾಡಿತು.

ಯಾವುದರೊಡನೆಯೂ ವರ್ತಿಸದ ಈ ಸಾಧುಗುಣವೇ ಮುಂದೆ ಕೇಡಿಗೆ ಕಾರಣವಾಯಿತು. ನೆಲದ ಬಳಿ ನಾಶವಾಗದ ಆ ಅಣುಗಳು ಮೆಲ್ಲಮೆಲ್ಲನೆ ಮೇಲೇರಿ ಓಜೋನ್ ಪದರವನ್ನು ಮುಟ್ಟುವುವು, ಅಲ್ಲಿನ ಅತಿನೇರಳೆ ಕಿರಣಗಳಿಂದ ಒಡೆದು ಕ್ಲೋರಿನ್ನನ್ನು ಬಿಡುವುವು, ಆ ಕ್ಲೋರಿನ್ ಓಜೋನನ್ನು ಅಳಿಸುವುದು ಎಂದು 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲೆಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಣ ಓಜೋನ್ ಪದರ ವಸಂತಕಾಲದಲ್ಲಿ ವಿಪರೀತ ತೆಳುವಾಗುತ್ತಿರುವುದು ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು.

ಆ ಅನಿಲಗಳ ಜಾಗಕ್ಕೆ ಬಂದವುಗಳಲ್ಲಿ ಆರ್-22 ಎಂಬುದು ಮುಖ್ಯವಾದುದು. ನಮ್ಮ ದೇಶದ ಹಳೆಯ ಕಿಟಕಿ ಏ.ಸಿ.ಗಳಲ್ಲಿ ಬಹುಪಾಲು ಇರುವುದು ಇದೇ. ಇದು ಓಜೋನಿಗೆ ಮಾಡುವ ಹಾನಿ ಹಿಂದಿನವಕ್ಕಿಂತ ಬಹಳ ಕಡಮೆ, ಆದರೆ ಇಲ್ಲವೆಂದಲ್ಲ. 2030ರ ಹೊತ್ತಿಗೆ ಇದರ ಬಳಕೆಯನ್ನು ಹೆಚ್ಚುಕಡಮೆ ಪೂರ್ತಿಯಾಗಿ ನಿಲ್ಲಿಸಬೇಕೆಂಬುದು ಒಪ್ಪಂದದ ಗಡುವು. ಅದರ ನಂತರ ಬಂದ ಆರ್-410ಎ, ಆರ್-32 ಮುಂತಾದವು ಓಜೋನಿಗೆ ಹಾನಿ ಮಾಡವು. ಆದರೂ ಇವೆಲ್ಲವಕ್ಕೂ ಒಂದು ದುರ್ಗುಣ ಸಮಾನವಾಗಿದೆ. ಭೂಮಿಯಿಂದ ಹೊರಟ ಉಷ್ಣಕಿರಣಗಳನ್ನು ಇವು ಇಂಗಾಲದ ಡೈಆಕ್ಸೈಡಿಗಿಂತ ನೂರಾರು, ಸಾವಿರಾರು ಪಾಲು ಬಲವಾಗಿ ತಡೆಹಿಡಿಯುತ್ತವೆ. ನೂರು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ, ಒಂದು ಕಿಲೋಗ್ರಾಂ ಆರ್-22 ಸುಮಾರು 1,800 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-410ಎ ಸುಮಾರು 2,100ಕ್ಕೆ, ಆರ್-32 ಸುಮಾರು 675ಕ್ಕೆ ಸಮ. ನಮ್ಮ ಅಡುಗೆ ಅನಿಲದಲ್ಲಿಯೂ ಇರುವ ಪ್ರೊಪೇನನ್ನು ಶೀತಕವಾಗಿ ಬಳಸಿದರೆ ಅದಕ್ಕೆ ಆರ್-290 ಎಂದು ಹೆಸರು. ಅದರ ಅಂಕ ಒಂದಂಕಿಯನ್ನು ದಾಟದು. ಅದು ಉರಿಯುವ ಅನಿಲವಾದುದರಿಂದ ಸ್ವಲ್ಪವೇ ತುಂಬಬೇಕು, ತರಬೇತಾದವರೇ ಮುಟ್ಟಬೇಕು. ಭಾರತದಲ್ಲಿ ಅಂಥ ಏ.ಸಿ.ಗಳು 2012ರಿಂದ ಮಾರಾಟಕ್ಕಿವೆ.

ಬಲವಾದ ಶೀತಕಗಳನ್ನು ಕ್ರಮವಾಗಿ ತಗ್ಗಿಸಬೇಕೆಂದು 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಇನ್ನೊಂದು ಒಪ್ಪಂದವಾಯಿತು. 2021ರಲ್ಲಿ ಭಾರತ ಅದನ್ನು ಅನುಮೋದಿಸಿತು. ಅದರಂತೆ ನಮ್ಮ ದೇಶವು 2032ರಿಂದ ಇಳಿಸುತ್ತ ಹೋಗಿ 2047ರ ಹೊತ್ತಿಗೆ ಶೇಕಡ 85ರಷ್ಟನ್ನು ತಗ್ಗಿಸಬೇಕು.

ನಾಲ್ಕು ವರ್ಷ ಮತ್ತು ಒಂದು ನಿಮಿಷ

ಈಗ ಲೆಕ್ಕಕ್ಕೆ ಬರೋಣ. ಒಂದು ಕಚೇರಿಯ ಕೋಣೆಯಲ್ಲಿ ಒಂದೂವರೆ ಟನ್ನಿನ ಹಳೆಯ ಯಂತ್ರವಿದೆ, ದಿನಕ್ಕೆ 8 ಗಂಟೆಯಂತೆ ವರ್ಷದಲ್ಲಿ 125 ದಿನ, ಎಂದರೆ 1,000 ಗಂಟೆ ನಡೆಯುತ್ತದೆ, ಸರಾಸರಿ 3.2 ಕಿಲೋವ್ಯಾಟ್ ಉಷ್ಣವನ್ನು ಹೊರಹಾಕುತ್ತದೆ ಎಂದು ಭಾವಿಸೋಣ. ವರ್ಷಕ್ಕೆ ಹೊರಹಾಕಬೇಕಾದ ಉಷ್ಣ 3,200 ಯೂನಿಟ್. ಹಳೆಯ ಯಂತ್ರದ ದಕ್ಷತೆ 2.6 ಆಗಿದ್ದರೆ ಅದಕ್ಕೆ ಬೇಕಾಗುವ ವಿದ್ಯುತ್ತು ಸುಮಾರು 1,230 ಯೂನಿಟ್. ಹೊಸತರ ದಕ್ಷತೆ 5 ಆದರೆ 640 ಯೂನಿಟ್. ಉಳಿತಾಯ 590 ಯೂನಿಟ್. ಯೂನಿಟ್ಟಿಗೆ 0.7 ಕಿಲೋಗ್ರಾಂ ಎಂದು ಗುಣಿಸಿದರೆ ವರ್ಷಕ್ಕೆ ಸುಮಾರು 413 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ತಪ್ಪಿತು. ಒಳ್ಳೆಯದೇ ಆಯಿತು.

ಆದರೆ ಹಳೆಯ ಪೆಟ್ಟಿಗೆಯ ಗತಿಯೇನು? ಅದು ಗುಜರಿಗೆ ಹೋಗುತ್ತದೆ. ಗುಜರಿಯಲ್ಲಿ ಬೆಲೆ ಬರುವುದು ತಾಮ್ರದ ಕೊಳವೆಗಳಿಗೆ. ಕೊಳವೆಯನ್ನು ಕತ್ತರಿಸಿದೊಡನೆ ಬುಸ್ಸೆಂದು ಸದ್ದಾಗಿ ಒಳಗಿನ ಅನಿಲ ಗಾಳಿಗೆ ಸೇರುತ್ತದೆ. ಸದ್ದು ಒಂದು ನಿಮಿಷವೂ ಇರುವುದಿಲ್ಲ. ಯಂತ್ರದಲ್ಲಿ ಒಂದು ಕಿಲೋಗ್ರಾಂ ಆರ್-22 ಇತ್ತೆಂದರೆ, ಆ ಒಂದು ನಿಮಿಷದಲ್ಲಿ 1,800 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದುದು ಹೊರಬಿತ್ತು. ಅದನ್ನು 413ರಿಂದ ಭಾಗಿಸಿರಿ: ನಾಲ್ಕು ವರ್ಷಕ್ಕೂ ಮಿಕ್ಕಿದ ಉಳಿತಾಯ ಹಾರಿಹೋಯಿತು!

ಇದು ಅನಿವಾರ್ಯವೇನೂ ಅಲ್ಲ. ಅನಿಲವನ್ನು ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬುವ ಚಿಕ್ಕ ಪಂಪುಗಳಿವೆ. ಹಾಗೆ ಹಿಡಿದಿಟ್ಟ ಅನಿಲವನ್ನು ಶುದ್ಧಿಮಾಡಿ ಇನ್ನೊಂದು ಹಳೆಯ ಯಂತ್ರಕ್ಕೆ ಬಳಸಬಹುದು, ಇಲ್ಲವೇ ತಕ್ಕ ವಿಧಾನದಿಂದ ನಾಶಪಡಿಸಬಹುದು. ಆರ್-22ನ್ನು ಹಿಂತೆಗೆಯುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಕ್ಯಾನಿಕ್‌ಗಳಿಗೆ ಈ ಕೆಲಸದ ತರಬೇತಿಯೂ ಸೇರಿದೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಯಲ್ಲಿ ಏ.ಸಿ., ಫ್ರಿಜ್ಜುಗಳೂ ಇವೆ. ಅವನ್ನು ಒಡೆಯುವ ಕೆಲಸ ನೋಂದಾಯಿತ ಸಂಸ್ಥೆಗಳದು. ಹರಾಜಿನಲ್ಲಿ ಕೊಂಡವರು ಅದೇ ಯಂತ್ರವನ್ನು ರಿಪೇರಿ ಮಾಡಿ ಬೇರೊಂದು ಕಡೆ ಓಡಿಸತೊಡಗಿದರೂ ನಮ್ಮ ಉಳಿತಾಯ ಬರಿಯ ಕಾಗದದ ಮೇಲಿನದೇ.

ಹಾಗಾದರೆ ಯಾವ ಯಂತ್ರವನ್ನು ಮೊದಲು ತೆಗೆಯಬೇಕು? ಇದಕ್ಕೆ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಒಂದನೆಯದು, ಅದು ವರ್ಷಕ್ಕೆ ಎಷ್ಟು ಗಂಟೆ ನಡೆಯುತ್ತದೆ? ಸಭೆಗಳಿದ್ದಾಗ ಮಾತ್ರ, ವರ್ಷಕ್ಕೆ 100 ಗಂಟೆ ನಡೆಯುವ ಯಂತ್ರವನ್ನು ಬದಲಿಸಿದರೆ ಉಳಿಯುವುದು 59 ಯೂನಿಟ್ ಮಾತ್ರ; ಅನಿಲ ಸೋರದಿದ್ದರೆ ಅದು ಇನ್ನಷ್ಟು ಕಾಲ ಇರಲಿ. ಎರಡನೆಯದು, ಅದಕ್ಕೆ ಎಷ್ಟು ಸಲ ಗ್ಯಾಸ್ ತುಂಬಿಸಿದ್ದಾರೆ? ಸರಿಯಾಗಿ ಬೆಸೆದ ಕೊಳವೆಗಳಿಂದ ಅನಿಲ ಖರ್ಚಾಗುವುದಿಲ್ಲ. ಪ್ರತಿ ಬೇಸಿಗೆಯಲ್ಲಿಯೂ ಅರ್ಧ ಕಿಲೋಗ್ರಾಂ ತುಂಬಿಸಬೇಕಾಗುತ್ತದೆ ಎಂದರೆ, ಹಿಂದಿನ ಅರ್ಧ ಕಿಲೋಗ್ರಾಂ ಗಾಳಿಗೆ ಹೋಯಿತೆಂದೇ ಅರ್ಥ. ಅದು 900 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಆ ಯಂತ್ರ ವರ್ಷವಿಡೀ ಬಳಸುವ 1,230 ಯೂನಿಟ್ ವಿದ್ಯುತ್ತಿನ ಪಾಲು ಕೂಡ ಅಷ್ಟಿಲ್ಲ! ಬಹಳ ಹೊತ್ತು ನಡೆಯುವ, ಸೋರುವ ಯಂತ್ರವೇ ಮೊದಲು ಹೋಗತಕ್ಕದ್ದು.

ಹಂಡೆಯ ನೀರು

ತಂಪಿನ ಮಾತಾಯಿತು, ಬಿಸಿಯ ಮಾತೇನು? ನಮ್ಮ ಸೀಮೆಯಲ್ಲಿ ಶೀತದೇಶಗಳಂತೆ ಕಟ್ಟಡಗಳನ್ನು ಕಾಯಿಸಬೇಕಾಗಿಲ್ಲ. ಆದರೆ ವಿದ್ಯಾರ್ಥಿನಿಲಯಗಳಲ್ಲಿ, ಆಸ್ಪತ್ರೆಗಳಲ್ಲಿ ನೀರನ್ನು ಕಾಯಿಸಬೇಕು. ನೂರು ವಿದ್ಯಾರ್ಥಿಗಳಿರುವ ನಿಲಯವೊಂದರಲ್ಲಿ ತಲೆಗೆ 15 ಲೀಟರಿನಂತೆ 1,500 ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಬೇಕೆಂದು ಇಟ್ಟುಕೊಳ್ಳೋಣ. ಬೇಕಾದ ಉಷ್ಣ ಸುಮಾರು 1,25,600 ಕಿಲೋಜೂಲ್, ಎಂದರೆ 35 ಯೂನಿಟ್.

ಕಟ್ಟಿಗೆಯ ಒಲೆಯ ಮೇಲೆ ಹಂಡೆಯಿಟ್ಟು ಕಾಯಿಸಿದರೆ ಉರಿಯ ಬಹುಪಾಲು ಹೊರಗೇ ಹೋಗುತ್ತದೆ. ಶೇಕಡ 15ರಷ್ಟು ಮಾತ್ರ ನೀರಿಗೆ ಸೇರುತ್ತದೆ ಎಂದು ಹಿಡಿದರೆ ದಿನಕ್ಕೆ ಸುಮಾರು 56 ಕಿಲೋಗ್ರಾಂ ಒಣಕಟ್ಟಿಗೆ ಬೇಕು. ಹೊಗೆಯೆಲ್ಲ ಒಲೆ ನೋಡಿಕೊಳ್ಳುವವರ ಕಣ್ಣಿಗೆ, ಪುಪ್ಪುಸಕ್ಕೆ. ವಿದ್ಯುತ್ ಗೀಸರಿನಲ್ಲಿ ಹೊಗೆಯಿಲ್ಲ. ಆದರೆ ಒಂದು ಯೂನಿಟ್ ಉಷ್ಣಕ್ಕೆ ಒಂದು ಯೂನಿಟ್ ವಿದ್ಯುತ್ತು ಖರ್ಚು. ವರ್ಷಕ್ಕೆ 200 ದಿನ ಕಾಯಿಸಿದರೆ 7,000 ಯೂನಿಟ್, ಸುಮಾರು 4.9 ಟನ್ ಇಂಗಾಲದ ಡೈಆಕ್ಸೈಡ್. ಹತ್ತು ಏ.ಸಿ.ಗಳನ್ನು ಬದಲಿಸಿದರೂ ಇಷ್ಟು ಉಳಿಯದು!

ಉಷ್ಣವನ್ನು ಏರಿಸುವ ಪಂಪು ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಅದನ್ನು ತಿರುಗಿಸಿ ಇಟ್ಟರೆ, ಎಂದರೆ ಹೊರಗಿನ ಗಾಳಿಯಿಂದ ಉಷ್ಣವನ್ನು ಎತ್ತಿ ನೀರಿಗೆ ಸುರಿಯುವಂತೆ ಮಾಡಿದರೆ, ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಉಷ್ಣವನ್ನು ಪಡೆಯಬಹುದು. ಶಕ್ತಿನಿತ್ಯತ್ವದ ನಿಯಮಕ್ಕೆ ಇದರಿಂದ ಭಂಗವಿಲ್ಲ. ಉಳಿದ ಎರಡು ಯೂನಿಟ್ ಗಾಳಿಯಿಂದ ಬಂದವು. ಈ ವಿಚಾರವನ್ನು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ಸೂಚಿಸಿದ್ದರು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಪುರಸಭಾಭವನದಲ್ಲಿ 1938ರ ಸುಮಾರಿಗೆ ಅಂಥ ಪಂಪನ್ನು ಹೂಡಿ, ಪಕ್ಕದ ಲಿಮ್ಮಾಟ್ ಹೊಳೆಯ ತಣ್ಣೀರಿನಿಂದಲೇ ಉಷ್ಣವನ್ನೆತ್ತಿ ಕಟ್ಟಡವನ್ನು ಬೆಚ್ಚಗಿಟ್ಟರು. ಆ ಯಂತ್ರವನ್ನು ಬದಲಿಸಿದ್ದು 2001ರಲ್ಲಿ. ಸಾರ್ವಜನಿಕ ಕಟ್ಟಡವೊಂದರ ಯಂತ್ರವನ್ನು ಸರಿಯಾಗಿ ಆರಿಸಿ, ಸರಿಯಾಗಿ ನೋಡಿಕೊಂಡರೆ ಅರುವತ್ತು ವರ್ಷಕ್ಕೂ ಮೇಲೆ ಬಾಳುವುದೆಂಬುದಕ್ಕೆ ಇದೊಂದು ನಿದರ್ಶನ.

ನಮಗೆ ಇದಕ್ಕಿಂತಲೂ ಸುಲಭವಾದ ದಾರಿ ಬಿಸಿಲು. ಸೌರ ಜಲತಾಪಕದಿಂದ 60 ಡಿಗ್ರಿಯ ನೀರು 750 ಲೀಟರ್ ದೊರೆತರೆ, ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿ ನಮಗೆ ಬೇಕಾದ 1,500 ಲೀಟರನ್ನು ಪಡೆಯಬಹುದು. ಅದಕ್ಕೆ ಸುಮಾರು 15 ಚದರ ಮೀಟರ್ ಫಲಕ ಸಾಕು. ಒಂದು ತರಗತಿಯ ಮಾಳಿಗೆಗಿಂತಲೂ ಕಡಮೆ ಜಾಗ. ಆಸ್ಪತ್ರೆ, ವಸತಿನಿಲಯಗಳೇ ಮೊದಲಾದ ಕಟ್ಟಡಗಳಲ್ಲಿ ಸೌರ ಜಲತಾಪಕವಿರಬೇಕೆಂದು ಕರ್ನಾಟಕ ಸರ್ಕಾರ 2007ರಲ್ಲಿಯೇ ಆಜ್ಞೆ ಹೊರಡಿಸಿತು. ಆದರೆ ಇವಕ್ಕೂ ಮುಪ್ಪುಂಟು. ಕೊಳವೆಬಾವಿಯ ಗಡಸು ನೀರಿನಿಂದ ನಳಿಕೆಗಳೊಳಗೆ ಸುಣ್ಣದ ಪದರ ಕಟ್ಟಿಕೊಳ್ಳುತ್ತದೆ. ಗಾಜು ಧೂಳು ಹಿಡಿಯುತ್ತದೆ. ಕೆಟ್ಟುನಿಂತ ಸೌರ ತಾಪಕದ ಪಕ್ಕದಲ್ಲಿ ಗೀಸರು ಉರಿಯುತ್ತಿದ್ದರೆ, ಅದನ್ನು ದುರಸ್ತಿ ಮಾಡಿಸುವುದು ಯಾವ ಹೊಸ ಖರೀದಿಗಿಂತಲೂ ಅಗ್ಗದ ಕೆಲಸ. ಮೋಡ ಮುಸುಕಿದ ಮಳೆಗಾಲದ ದಿನಗಳಿಗೆ ಉಷ್ಣಪಂಪು ಜೊತೆಯಾಗಿರಲಿ.

ಆಸ್ಪತ್ರೆಯ ಪೆಟ್ಟಿಗೆ

ಒಂದು ಬಗೆಯ ತಂಪಿನಲ್ಲಿ ಮಾತ್ರ ಉಳಿತಾಯಕ್ಕಿಂತ ನಂಬಿಕೆ ದೊಡ್ಡದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಕಾವು ಮೀರಿದರೆ ಲಸಿಕೆಯ ಸತ್ವ ಹೋಗುತ್ತದೆ. ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಹೊರಗಿನಿಂದ ನೋಡಿದರೆ ಕೆಟ್ಟುದು ತಿಳಿಯುವಂತಿಲ್ಲ. ಅದಕ್ಕಾಗಿ ಒಳಗೋಡೆಗಳಲ್ಲಿ ಮಂಜುಗಡ್ಡೆಯ ಪದರವಿರುವ ವಿಶೇಷ ಫ್ರಿಜ್ಜುಗಳನ್ನು ಇಡುತ್ತಾರೆ. ವಿದ್ಯುತ್ತು ಹೋದಾಗ ಆ ಮಂಜುಗಡ್ಡೆ ಕರಗುತ್ತ, ಕಿಲೋಗ್ರಾಮಿಗೆ 334 ಕಿಲೋಜೂಲಿನಂತೆ ಉಷ್ಣವನ್ನು ನುಂಗುತ್ತ, ಒಳಗಣ ತಂಪನ್ನು ಕಾಯುತ್ತದೆ. ಬಿಸಿಲಿನಿಂದಲೇ ನಡೆಯುವ ಫ್ರಿಜ್ಜುಗಳೂ ಈಗ ಇವೆ. ಇಂಥ ಕಡೆ ಹಳೆಯ ಯಂತ್ರ ತೊದಲತೊಡಗಿದರೆ ಯೂನಿಟ್ಟಿನ ಲೆಕ್ಕಕ್ಕೆ ಕಾಯದೆ ಬದಲಿಸಬೇಕು. ಅಲ್ಲಿರುವುದು ಮಗುವಿನ ಆರೋಗ್ಯ.

ಮೊದಲು ಮಾಳಿಗೆ, ಆಮೇಲೆ ಯಂತ್ರ

ಇನ್ನೊಂದು ಮಾತು. ತೂತುಳ್ಳ ದೋಣಿಯಿಂದ ನೀರು ಮೊಗೆಯುವವನು ಮೊದಲು ತೂತನ್ನು ಮುಚ್ಚಬೇಕಲ್ಲವೆ? ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಶಕ್ತಿಯನ್ನು ಸುರಿಯುತ್ತದೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲದ ಮಾಳಿಗೆಯ ಮೇಲೆ ಬೀಳುವುದು 30 ಕಿಲೋವ್ಯಾಟ್. ನಮ್ಮ ಏ.ಸಿ. ಹೊರಹಾಕಬಲ್ಲುದು 5.3 ಮಾತ್ರ. ಬಿದ್ದುದೆಲ್ಲ ಒಳಗೆ ಬರುವುದಿಲ್ಲ, ನಿಜ. ಆದರೆ ಬೂದುಬಣ್ಣದ ಕಾಂಕ್ರೀಟು ಅದರಲ್ಲಿ ಹೆಚ್ಚಿನ ಪಾಲನ್ನು ಹೀರಿ ಸಂಜೆಯವರೆಗೂ ಒಳಗೆ ಉಗುಳುತ್ತದೆ. ಬೆಳ್ಳಗೆ ಸುಣ್ಣ ಬಳಿದ ಮಾಳಿಗೆ ಹೆಚ್ಚಿನ ಪಾಲನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ನೆರೆಯ ತೆಲಂಗಾಣವು 2023ರಲ್ಲಿ ಇಂಥ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ನಮ್ಮ ಹಿರಿಯರ ಮಣ್ಣಿನ ಮಾಳಿಗೆ, ದಪ್ಪ ಕಲ್ಲುಗೋಡೆಗಳ ಮನೆಗಳು ಬೇಸಿಗೆಯಲ್ಲಿ ಏಕೆ ತಂಪಾಗಿದ್ದವೆಂಬುದನ್ನು ಈ ದೃಷ್ಟಿಯಿಂದ ಯೋಚಿಸಿ ನೋಡಬಹುದು.

ಬಳಿಕ ಫ್ಯಾನುಗಳು. ಹಳೆಯ ಫ್ಯಾನು ಪೂರ್ಣವೇಗದಲ್ಲಿ ಸುಮಾರು 75 ವ್ಯಾಟ್ ತೆಗೆದುಕೊಂಡರೆ, ಹೊಸ ಬಗೆಯ ಮೋಟಾರಿನ ಫ್ಯಾನು ಅಷ್ಟೇ ಗಾಳಿಗೆ 30 ವ್ಯಾಟ್ ಮಾತ್ರ ತೆಗೆದುಕೊಳ್ಳುತ್ತದೆ. 40 ಫ್ಯಾನುಗಳಿರುವ ಶಾಲೆಯಲ್ಲಿ ದಿನಕ್ಕೆ 8 ಗಂಟೆಯಂತೆ 200 ದಿನಕ್ಕೆ ಉಳಿಯುವ ವಿದ್ಯುತ್ತು 2,880 ಯೂನಿಟ್. ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ನಾಲ್ಕೈದು ಏ.ಸಿ.ಗಳನ್ನು ಬದಲಿಸಿದಷ್ಟಾಯಿತು. ಗುಜರಿಗೆ ಹೋಗುವ ಫ್ಯಾನಿನಿಂದ ಸೋರುವ ಅನಿಲವೂ ಇಲ್ಲ! ಫ್ಯಾನು ತಿರುಗುತ್ತಿದ್ದರೆ ಏ.ಸಿ.ಯನ್ನು 18 ಡಿಗ್ರಿಗಿಡದೆ 26ಕ್ಕೆ ಇಟ್ಟರೂ ಹಿತವೇ. ಹೊಲದ ಎತ್ತರ ಕಡಮೆಯಾದರೆ ಪಂಪಿನ ಶ್ರಮವೂ ಕಡಮೆ ಎಂಬ ಮೊದಲಿನ ಮಾತನ್ನು ನೆನಪಿಸಿಕೊಳ್ಳಿ.

ಹೀಗೆ ಮಾಳಿಗೆ, ಫ್ಯಾನುಗಳು ಸರಿಯಾದ ಮೇಲೆ ಎರಡು ಟನ್ನು ಬೇಕಾಗಿದ್ದ ಕೋಣೆಗೆ ಒಂದೂವರೆಯೋ ಒಂದೋ ಸಾಕಾದೀತು. ಚಿಕ್ಕ ಯಂತ್ರಕ್ಕೆ ಬೆಲೆಯೂ ಕಡಮೆ, ತುಂಬುವ ಶೀತಕವೂ ಕಡಮೆ. ಆದುದರಿಂದ ಕ್ರಮವೇ ಮುಖ್ಯ: ಮೊದಲು ಮಾಳಿಗೆ ಮತ್ತು ನೆರಳು, ಆಮೇಲೆ ಫ್ಯಾನು, ಆಮೇಲೆ ತಕ್ಕ ಅಳತೆಯ ಯಂತ್ರ, ಕೊನೆಗೆ ಹಳೆಯ ಅನಿಲದ ಸೆರೆ.

ಈ ವಿಚಾರ ಇಂದೇ ಏಕೆ ಬೇಕು? ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿದ್ದ ನಿಪ್ಪಾಣಿ, ಅಥಣಿ ತಾಲ್ಲೂಕಿನಲ್ಲಿದ್ದ ಕಾಗವಾಡ, ಇವೆರಡೂ 2010ರ ದಶಕದ ಕೊನೆಯ ಭಾಗದಲ್ಲಿ ಸ್ವತಂತ್ರ ತಾಲ್ಲೂಕುಗಳಾದವು. ತಾಲ್ಲೂಕು ಹೊಸದಾದಲ್ಲಿ ಕಚೇರಿಗಳೂ ಹೊಸದಾಗಿ ಬೇಕಾಗುತ್ತವೆ. ಕಟ್ಟಡ ಒಮ್ಮೆ ಎದ್ದಿತೆಂದರೆ ಐವತ್ತು ವರ್ಷ ನಿಲ್ಲುತ್ತದೆ. ಅದರ ಮಾಳಿಗೆ, ಕಿಟಕಿ, ಯಂತ್ರಗಳ ವಿಷಯದಲ್ಲಿ ಈಗ ಮಾಡುವ ನಿರ್ಧಾರದ ಫಲವನ್ನು ಉಣ್ಣುವವರು ಇಂದಿನ ವಿದ್ಯಾರ್ಥಿಗಳು.

ವಿದ್ಯಾರ್ಥಿಗಳು ತಾವೇ ಆರಂಭಿಸಬಹುದಾದ ಒಂದು ಕೆಲಸವಿದೆ. ನಿಮ್ಮ ಶಾಲೆ ಕಾಲೇಜುಗಳ ಏ.ಸಿ., ಫ್ರಿಜ್ಜು, ನೀರಿನ ಕೂಲರುಗಳ ಮೈಮೇಲಿನ ಫಲಕವನ್ನು ಓದಿರಿ. ಶೀತಕದ ಹೆಸರು, ಅದರ ತೂಕ, ವಿದ್ಯುತ್ತಿನ ವ್ಯಾಟುಗಳು ಅದರಲ್ಲಿ ಮುದ್ರಿತವಾಗಿರುತ್ತವೆ. ಅವು ಎಷ್ಟು ಗಂಟೆ ನಡೆಯುತ್ತವೆಂದು ವಿಚಾರಿಸಿ, ಮೇಲೆ ತೋರಿಸಿದ ರೀತಿಯಲ್ಲಿ ಒಂದು ಪಟ್ಟಿ ಮಾಡಿರಿ. ಎರಡು ತಗಡಿನ ಡಬ್ಬಿಗಳಲ್ಲಿ ಒಂದಕ್ಕೆ ಸುಣ್ಣ ಬಳಿದು, ಇನ್ನೊಂದನ್ನು ಕಪ್ಪಾಗಿಸಿ, ನೀರು ತುಂಬಿ ಬಿಸಿಲಿನಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ಉಷ್ಣಮಾಪಕದಿಂದ ಅಳೆದರೆ ಮಾಳಿಗೆಯ ಪಾಠವೂ ಕಣ್ಣಿಗೆ ಕಾಣುವುದು. ಆ ಪಟ್ಟಿಯನ್ನೂ ಈ ಅಳತೆಗಳನ್ನೂ ನಿಮ್ಮ ಪ್ರಾಂಶುಪಾಲರ ಮುಂದಿಡಿರಿ.

ಮುಂದೆ ಒಂದು ದಿನ ಹಳೆಯ ಯಂತ್ರವನ್ನು ಬಿಚ್ಚಲು ಮೆಕ್ಯಾನಿಕ್ ಬಂದಾಗ, ಹೊಸ ಯಂತ್ರಕ್ಕೆ ಎಷ್ಟು ನಕ್ಷತ್ರಗಳಿವೆ ಎಂದು ಎಲ್ಲರೂ ಕೇಳುವರು. ನೀವು ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: “ಒಳಗಿನ ಗ್ಯಾಸನ್ನು ಯಾವ ಸಿಲಿಂಡರಿಗೆ ತುಂಬುತ್ತೀರಿ?” ಸಿಲಿಂಡರನ್ನು ತಂದಿಲ್ಲವೆಂದರೆ, ಅದು ಬರುವವರೆಗೆ ಆ ಕೆಲಸ ನಿಲ್ಲಲಿ. ಒಂದು ದಿನ ತಡವಾದೀತು. ನಾಲ್ಕು ವರ್ಷ ಉಳಿದೀತು.